ಕೊಂಬು ನುಂಗುವ ಮೇಜು

ತೊರ್ರೆವೀನಾ, 2 ಮಾರ್ಚ್ 1976

ಅಣ್ಣಾ,

ಎವಾರಿಸ್ತೊ ಚೆಕ್ಕೋನಿ ಈ ವರ್ಷದ ಬಸವನಹುಳು ಹಬ್ಬದಲ್ಲಿ ಕೊಂಬು ನುಂಗುವ ಮೊದಲ ಮೇಜಿಗೆ ನನ್ನ ಹೆಸರು ಬರೆಸಿದ್ದಾನೆ. ಎದುರಿನ ಕುರ್ಚಿ ಅವನದು. ಇದನ್ನು ತಿಳಿಸಿದವಳು ಬೇಕರಿಯ ಆರ್ಜಿಯಾ. ಹಬ್ಬದ ಸಮಿತಿಯ ಪಟ್ಟಿಯನ್ನು ಮುದ್ರಣಕ್ಕೆ ಒಯ್ದವನು ಅವಳ ಗಂಡ. ನನ್ನನ್ನು ಯಾರೂ ಕೇಳಿಲ್ಲ.

ಆಗ ಬೇಕರಿಯಲ್ಲಿ ಆರು ಹೆಂಗಸರಿದ್ದರು. ಆರ್ಜಿಯಾ ಬೇಕೆಂದೇ ದನಿ ಏರಿಸಿದಳು.

"ಎರ್ಸೀಲಿಯಾ, ಹೊಸ ಲಂಗ ಹೊಲಿಸ್ಕೊ. ಅವತ್ತು ಊರೆಲ್ಲ ನಿನ್ನ ಬಾಯನ್ನೇ ನೋಡುತ್ತೆ."

"ನೋಡ್ಲಿ ಬಿಡು. ಏಳು ವರ್ಷದಿಂದ ನನ್ನ ಬೆನ್ನು ನೋಡಿ ನೋಡಿ ಅವ್ರಿಗೂ ಸಾಕಾಗಿರುತ್ತೆ" ಅಂದೆ.

ಕಾರಣ ಸರಳ. ನವೆಂಬರಿನಲ್ಲಿ ಅವನು ಮೇಯರ್ ಸ್ಥಾನಕ್ಕೆ ನಿಲ್ಲುತ್ತಾನೆ. ಸಂತ ಜಾನ್‌ನ ಹಬ್ಬದ ಹಿಂದಿನ ಸಂಜೆ, ಜೂನ್ 23ರಂದು, ಜಗಳವಾಡಿದವರು ಎದುರುಬದುರು ಕೂತು, ಒಂದೇ ತಟ್ಟೆಯಿಂದ ಹುಳುವನ್ನು ಕೊಂಬು ಸಮೇತ ನುಂಗಿದರೆ ಮುಗಿಯಿತು; ಸಾಯುವ ತನಕ ಆ ಮಾತನ್ನು ಎತ್ತುವಂತಿಲ್ಲ. ಎತ್ತಿದವರ ಮುಖಕ್ಕೆ ಊರು ಬಾಗಿಲು ಹಾಕುತ್ತದೆ. ನನ್ನ ಬಾಯಿ ಮುಚ್ಚಿಸಲು ಅವನಿಗೆ ಇದಕ್ಕಿಂತ ಒಳ್ಳೆಯ ಮೇಜು ಸಿಗುವುದಿಲ್ಲ.

ಮುಂದಿನದು ನಿನಗೆ ಗೊತ್ತಿದೆ. ಆದರೂ ಬರೆಯುತ್ತೇನೆ, ಊರು ಮರೆತವರ ಹಾಗೆ ನಟಿಸುತ್ತಿದೆ. 1969ರ ಹಬ್ಬದಲ್ಲಿ ತಿಂದ ಮೂವತ್ತೊಂದು ಜನ ಹಾಸಿಗೆ ಹಿಡಿದರು. ಮಾರನೆಯ ದಿನ ಹಬ್ಬದ ಉಸ್ತುವಾರಿ ಹೊತ್ತಿದ್ದ ಎವಾರಿಸ್ತೊ ಚರ್ಚಿನ ಮೆಟ್ಟಿಲ ಮೇಲೆ ನಿಂತು, ಹೊಟ್ಟೆಯ ಕಲ್ಮಶ ಹೋಗಲೆಂದು ಹತ್ತು ದಿನ ಉಪವಾಸ ಕೆಡವಬೇಕಾದ ಹುಳುವನ್ನು ಅಡುಗೆಗೆ ನಿಂತಿದ್ದ ನೀನು ಮೂರೇ ದಿನಕ್ಕೆ ಹಂಡೆಗೆ ಹಾಕಿದೆ ಎಂದು ಸಾರಿದ. ಆಗಸ್ಟಿನಲ್ಲಿ ನೀನು ಬೆಲ್ಜಿಯಂ ರೈಲು ಹತ್ತಿದೆ. ನವೆಂಬರಿನಲ್ಲಿ ಅಮ್ಮ ಹೋದಳು. ಸಾವಿನ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವುದಿಲ್ಲ, ನೆರೆಯವರು ಅಡುಗೆ ತಂದುಕೊಡುತ್ತಾರೆ. ನಮ್ಮ ಮನೆಗೆ ಯಾರೂ ತರಲಿಲ್ಲ. ಎರಡನೆಯ ದಿನ ನಾನೇ ಒಲೆ ಹಚ್ಚಿದೆ. ಮರುವರ್ಷ ಆರ್ಜಿಯಾಳ ಅತ್ತೆ ಸತ್ತಾಗ ನಾನು ಕಳಿಸಿದ ಪಾತ್ರೆ, ನಾನು ಕಟ್ಟಿದ ಬಟ್ಟೆಯ ಗಂಟು ಹಾಗೇ ಇದ್ದು ವಾಪಸು ಬಂತು.

ನಾನು ಆ ಮೇಜಿಗೆ ಕೂರುವುದಿಲ್ಲ.

ಎರ್ಸೀಲಿಯಾ


ಸೆರೇಂಗ್, 19 ಮಾರ್ಚ್ 1976

ತಂಗಿ,

ನಿನ್ನ ಕಾಗದ ಮುಟ್ಟಿತು. ಕೂತುಬಿಡು ಎಂದು ನನ್ನ ಸಲಹೆ. ಏಳು ವರ್ಷ ಕಡಿಮೆ ಏನಲ್ಲ. ಎವಾರಿಸ್ತೊನಿಗೆ ಕುರ್ಚಿ ಬೇಕು, ನಿನಗೆ ನೆಮ್ಮದಿ ಬೇಕು. ಇಬ್ಬರ ಕೆಲಸವೂ ಒಂದು ತಟ್ಟೆಯಲ್ಲಿ ಆಗುವುದಾದರೆ ಆಗಲಿ.

ನನ್ನ ವಿಷಯ. ಮೇ 31ಕ್ಕೆ ಉಕ್ಕಿನ ಕಾರ್ಖಾನೆಯ ಕೆಲಸ ಮುಗಿಯುತ್ತದೆ. ಆಮೇಲೆ ಊರಿಗೆ ಬಂದು ಅಮ್ಮನ ಕೋಣೆಯಲ್ಲಿ ಇರಬೇಕೆಂದಿದ್ದೇನೆ. ಹಿತ್ತಲಲ್ಲಿ ಕೋಳಿ ಸಾಕೋಣ. ಕೊಂಬು ಹೊಟ್ಟೆಗೆ ಹೋದ ಮೇಲೆ ಬಂದರೆ ನನ್ನನ್ನು ಯಾರೂ ಏನೂ ಅನ್ನುವಂತಿಲ್ಲ. ಇದನ್ನು ನೀನು ಯೋಚಿಸಬೇಕು.

ಇಲ್ಲಿಯೂ ನಮ್ಮ ದೇಶದಿಂದ ಬಂದವರು ಕಳೆದ ಭಾನುವಾರ ಹಬ್ಬ ಮಾಡಿದರು. ಚರ್ಚಿನ ಹಿಂದಿನ ಸಭಾಂಗಣ, ಹೊರಗೆ ಮಳೆ, ಒಳಗೆ ಆಲೂಗಡ್ಡೆ ಉಂಡೆ. ಮಾಡಿದವನು ಉತ್ತರದ ಕಡೆಯವನು. ನನ್ನ ಪಕ್ಕದಲ್ಲಿದ್ದ ಮುದುಕ, "ಇದನ್ನ ಗೋಡೆಗೆ ಹೊಡೆದ್ರೆ ಗೋಡೆ ಬೀಳುತ್ತೆ ಕಣಪ್ಪ" ಎಂದ. ಆದರೂ ಎರಡು ತಟ್ಟೆ ತಿಂದ. ನನಗೆ ನಮ್ಮ ಚೌಕವೇ ನೆನಪಾಗುತ್ತಿತ್ತು: ತಾಮ್ರದ ಹಂಡೆ, ಟೊಮ್ಯಾಟೊ ಸಾರಿನಲ್ಲಿ ಕಾಡುಪುದೀನ ಬೀಳುವ ಕ್ಷಣದ ವಾಸನೆ, ಚಿಪ್ಪಿನಿಂದ ಹುಳು ಎಳೆಯಲು ಹೆಂಗಸರು ಹೇರ್‌ಪಿನ್ ಬಿಚ್ಚುವುದು, ಬ್ಯಾಂಡಿನವರು ಊದುವುದನ್ನು ಬಿಟ್ಟು ಸಾಲಿನಲ್ಲಿ ನಿಲ್ಲುವುದು. ಹಂಡೆಯ ಮುಂದೆ ನಾನು ನಿಂತಿದ್ದದ್ದು ಒಂದೇ ವರ್ಷ. ಆ ವರ್ಷವೇ ಹಾಗಾಯಿತು.

ಹಳೆಯದನ್ನು ಕೆದಕುತ್ತಾ ಊರಿನಲ್ಲಿ ಅವರಿವರನ್ನು ಕೇಳಬೇಡ.

ದುವೀಲಿಯೊ


ತೊರ್ರೆವೀನಾ, 11 ಏಪ್ರಿಲ್ 1976

ಅಣ್ಣಾ,

ಆ ದಿನದ ಹುಳು ನಿನ್ನದಲ್ಲ. ಹೇಳಿದವನು ಮೂರು ಚಕ್ರದ ಗಾಡಿಯ ಸೆಸ್ತೀಲಿಯೊ.

ಫೆಬ್ರುವರಿ ಕೊನೆಯಲ್ಲಿ ಅವನ ಹೆಂಡತಿ ತೀರಿಕೊಂಡಳು. ವಾಪಸು ಬರುತ್ತದೆ ಎಂದುಕೊಂಡೇ ಒಂದು ಪಾತ್ರೆ ಕಳಿಸಿದ್ದೆ. ಪಾತ್ರೆ ಖಾಲಿಯಾಗಿ ಬಂತು. ಏಳು ವರ್ಷದಲ್ಲಿ ನನ್ನ ಕೈಯಡುಗೆ ತಿಂದ ಮೊದಲ ಹೊರಗಿನವನು ಅವನು. ಮೊನ್ನೆ ಪಾತ್ರೆಯ ಮುಚ್ಚಳ ಕೊಡುವ ನೆಪದಲ್ಲಿ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ. ಟೋಪಿ ತೆಗೆದು ತಿರುಗಿಸುತ್ತಲೇ ಇದ್ದ.

"ಹಬ್ಬದ ದಿನ ಬೆಳಗ್ಗೆ ಚೀಲ ತಂದು ಇಳಿಸಿದ್ದು ನಾನೇ ತಾಯಿ. ಎವಾರಿಸ್ತೊನ ಭಾವಮೈದನ ದ್ರಾಕ್ಷಿ ತೋಟದಿಂದ. ಹಿಂದಿನ ದಿನ ಮಳೆ ಬಿದ್ದಿತ್ತು, ಹುಳುಗಳೆಲ್ಲ ಹೊರಗೆ ಬಂದಿದ್ವು."

"ಆ ತೋಟಕ್ಕೆ ಮೈಲುತುತ್ತ ಹೊಡೆದಿದ್ರಾ?"

"ಜೂನ್ ತಿಂಗಳಲ್ಲಿ ಮೈಲುತುತ್ತ ಹೊಡೀದೇ ಇರೋ ದ್ರಾಕ್ಷಿ ಎಲ್ಲಿದೆ?"

"ಒಂದು ದಿನಾನೂ ಉಪವಾಸ ಕೆಡವ್ಲಿಲ್ವಾ?"

"ಬೆಳಗ್ಗೆ ಇಳಿಸ್ದೆ. ಮಧ್ಯಾಹ್ನ ಹಂಡೇಲಿತ್ತು."

"ಏಳು ವರ್ಷ ಬಾಯಲ್ಲಿ ಏನು ತುಂಬ್ಕೊಂಡಿದ್ದೆ, ಸೆಸ್ತೀಲಿಯೊ?"

"ಹೆದರಿಕೆ" ಎಂದ. ಹೊರಡುವಾಗ, "ಮಿಕ್ಕಿದ್ದು ನಿಮ್ಮಣ್ಣನ್ನ ಕೇಳು, ಅವನಿಗೆ ಗೊತ್ತಿರುತ್ತೆ" ಎಂದ. ಆ ಭಾವಮೈದನ ತೋಟ ಯಾವುದೆಂದು ನಿನಗೆ ನೆನಪಿದ್ದರೆ ಬರೆ. ಸಾಕ್ಷಿಗೆ ಬೇಕು.

ನಾನು ಮನಸ್ಸು ಬದಲಿಸಿದ್ದೇನೆ. ಮೇಜಿಗೆ ಕೂರುತ್ತೇನೆ.

ಮೇಜಿನ ನಿಯಮವನ್ನು ದೋನ್ ಪ್ಲಾಚಿದೊ ಪಾದ್ರಿಯ ಹತ್ತಿರ ಹೋಗಿ ಸರಿಯಾಗಿ ಕೇಳಿ ತಿಳಿದುಕೊಂಡೆ. ಕರೆದವನು ಮೊದಲು ಕೂರಬೇಕು. ಕರೆಸಿಕೊಂಡವರು ಮೊದಲು ಮಾತಾಡಬೇಕು. ಜಗಳ ಯಾತರದು ಎಂದು ಒಂದು ಸಲ ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು. ಹೇಳುವಾಗ ನಡುವೆ ಬಾಯಿ ಹಾಕುವಂತಿಲ್ಲ, ಹೇಳಿದ್ದಕ್ಕೆ ಜವಾಬು ಕೊಡುವಂತಿಲ್ಲ. ಆಮೇಲೆ ನುಂಗುವುದು. ಯಾರದಾದರೂ ಕುರ್ಚಿ ಖಾಲಿ ಬಿದ್ದರೆ ಅವರ ಮೇಲಿನ ಮಾತು ಹೂತುಹೋಗುವುದಿಲ್ಲ, ಊರು ಆಡುತ್ತಲೇ ಇರಬಹುದು. ಅಪ್ಪನ ಕಾಲದಲ್ಲಿ ಮೇಜಿಗೆ ಬಾರದ ದರ್ಜಿಯ ಕಥೆಯನ್ನು ಜನ ಈಗಲೂ ಹೇಳುತ್ತಾರೆ. ಅವನು ಸತ್ತು ಮೂವತ್ತು ವರ್ಷವಾಯಿತು.

ಈಗ ಎಲ್ಲರೂ "ಯಾವುದೋ ಹಳೇ ಮಾತು" ಎಂದಷ್ಟೇ ಹೇಳಿ ತಿನ್ನಲು ಕೂರುತ್ತಾರೆ. ಎವಾರಿಸ್ತೊ ಅದನ್ನು ನಂಬಿಕೊಂಡಿದ್ದಾನೆ. ನಾನು ತೋಟದ ಹೆಸರು, ಚೀಲ ಇಳಿಸಿದ ಹೊತ್ತು, ಹಾಸಿಗೆ ಹಿಡಿದವರ ಹೆಸರು ಎಲ್ಲ ಹೇಳುತ್ತೇನೆ. ಮೂವತ್ತೊಂದೂ ಬಾಯಿಪಾಠ ಇದೆ. ಅವನು ಜವಾಬು ಕೊಡದೆ ಕೂತು ಕೇಳಬೇಕು.

ನಿನ್ನ ಹೆಸರು ಶುದ್ಧವಾಗುತ್ತದೆ. ಕೋಳಿಗೂಡಿಗೆ ಹಲಗೆ ನೋಡಿಟ್ಟಿದ್ದೇನೆ.

ಎರ್ಸೀಲಿಯಾ


ಸೆರೇಂಗ್, 22 ಏಪ್ರಿಲ್ 1976 (ಅಂಚೆ ಕಾರ್ಡು)

ತಂಗಿ, ಕೂರುವುದಿಲ್ಲ ಎಂದು ನೀನು ಮೊದಲು ಬರೆದದ್ದೇ ಸರಿ. ಕೂರಬೇಡ. ನೀಲಿ ಕಲೆಯ ಆ ಎರಡು ಚೀಲದ ಮಾತನ್ನು ಮೈಕಿನ ಮುಂದೆ ಎತ್ತಬೇಡ. ಸೆಸ್ತೀಲಿಯೊನಿಗೆ ವಯಸ್ಸಾಗಿದೆ, ಅರಳುಮರಳು. ನಾನು ಚೆನ್ನಾಗಿದ್ದೇನೆ. ಮಳೆ ನಿಂತಿಲ್ಲ. ದುವೀಲಿಯೊ


ತೊರ್ರೆವೀನಾ, 4 ಮೇ 1976

ಅಣ್ಣಾ,

ಎವಾರಿಸ್ತೊ ನನ್ನ ಷರತ್ತಿಗೆ ಒಪ್ಪಿದ್ದಾನೆ. ಈ ವರ್ಷ ಹಬ್ಬದ ಹುಳುವನ್ನು ಉಪವಾಸ ಕೆಡವುವವಳು ನಾನು. ಒಪ್ಪಿಕೊಂಡದ್ದು ನನ್ನೆದುರಿಗೇ, ಮೊನ್ನೆ ಒಂದನೇ ತಾರೀಖು, ಫರ್ನೇತೊ ಊರಿನ ದೊಡ್ಡವರೆ ಹಬ್ಬದಲ್ಲಿ.

ಬೆಳಗಿನ ಬಸ್ಸಿಗೆ ಹೋಗಿದ್ದೆ. ಆ ಊರಿನವರಿಗೆ ನಾನು ಯಾರೆಂದು ಗೊತ್ತಿಲ್ಲ, ಹಾಗಾಗಿ ಹೊಟ್ಟೆ ತುಂಬ ತಿಂದೆ. ಉದ್ದನೆಯ ಹಲಗೆಗಳ ಮೇಲೆ ಹಸಿ ದೊಡ್ಡವರೆಯ ಕಾಯಿಗಳನ್ನು ಬುಟ್ಟಿಗಟ್ಟಲೆ ಸುರಿದಿದ್ದರು. ಕಾಯಿ ಬಿಡಿಸಿ, ಕಾಳು ಬಾಯಿಗೆ ಹಾಕಿ, ಕುರಿಹಾಲಿನ ಚೀಸಿನ ಚೂರು ಕಚ್ಚಿ, ಮೇಲೆ ಒಂದು ಗುಟುಕು ವೈನು. ಇಷ್ಟೇ ಹಬ್ಬ. ಸಿಪ್ಪೆ ಮೊಣಕಾಲಿನ ತನಕ ಬಿದ್ದಿತ್ತು. ಪಕ್ಕದಲ್ಲಿದ್ದ ಹೆಂಗಸೊಬ್ಬಳು ನನ್ನ ಕೈಯಿಂದ ಬಿಡಿಸಿದ ಕಾಳನ್ನು ಕೇಳಿಯೇ ತೆಗೆದುಕೊಂಡು ತಿಂದಳು. ಅವಳಿಗೆ ಅದು ಏನೂ ಅಲ್ಲ. ನಾನು ಇನ್ನೊಂದು ಹಿಡಿ ಬಿಡಿಸಿ ಅವಳ ಮುಂದೆ ಇಟ್ಟೆ.

ಆಗ ಎವಾರಿಸ್ತೊ ಬಂದ. ಎಲ್ಲ ಮೇಜಿಗೂ ಹೋಗಿ ಕೈ ಕುಲುಕುತ್ತಿದ್ದ.

"ಏನು ಎರ್ಸೀಲಿಯಾ, ಒಬ್ಳೇ ತಿಂತಿದ್ದೀಯ?"

"ಅಭ್ಯಾಸ ಆಗಿದೆ. ನೀನೇ ಮಾಡಿಸಿದ್ದಲ್ವಾ."

ನಕ್ಕ. "ನಾಲಿಗೆ ಇನ್ನೂ ಅಷ್ಟೇ ಹುಳಿ. ವಿನೆಗರಲ್ಲಿ ತೊಳೀತೀಯಾ?"

"ಉಪ್ಪಲ್ಲೂ ತೊಳೀತೀನಿ. ಹುಳೂನ ಹಾಗೇ ಅಲ್ವಾ ತೊಳ್ಯೋದು? ನೀನು ಮರ್ತಿದ್ರೆ ಬೇರೆ ಮಾತು."

"ನೋಡು, ಇಪ್ಪತ್ಮೂರಕ್ಕೆ ನೀನು ಜಾಸ್ತಿ ಕಷ್ಟಪಡ್ಬೇಡ. 'ಹಳೇ ಮಾತು' ಅಂದ್ಬಿಡು, ತಿಂದ್ಬಿಡೋಣ. ರೋಮಿನಿಂದ ಪೇಪರಿನವ್ರೂ ಬರ್ತಾರೆ."

"ಬರ್ಲಿ. ಆದ್ರೆ ಹುಳ ಕೆಡವೋದು ನಾನು. ಹತ್ತು ದಿನ, ನನ್ನ ಹಿತ್ತಲಲ್ಲಿ. ಇಲ್ಲಾಂದ್ರೆ ನಿನ್ನ ಎದುರಿಗೆ ನಿನ್ನ ಹೆಂಡ್ತೀನೇ ಕೂರಿಸ್ಕೊ. ಅಲ್ಲೂ ಜಗಳಕ್ಕೇನು ಕಮ್ಮಿ ಇಲ್ಲ."

ಸುತ್ತ ಕೂತವರು ನಕ್ಕರು. ಅಷ್ಟು ಜನರ ಎದುರು ಆಗುವುದಿಲ್ಲ ಎನ್ನಲು ಅವನಿಂದ ಆಗಲಿಲ್ಲ. ಹೋಗುವಾಗ ನನ್ನ ಹೆಗಲು ತಟ್ಟಿದ. "ದುವೀಲಿಯೊನೂ ಇದ್ದಿದ್ರೆ ಚೆನ್ನಾಗಿತ್ತು. ಅವನಿಗೂ ನನಗೂ ಯಾವತ್ತೂ ಮನಸ್ತಾಪ ಇಲ್ಲ, ಕೇಳಿ ನೋಡು" ಎಂದ.

ಬಸ್ಸಿನಲ್ಲಿ ಬರುವಾಗ ಆ ಮಾತನ್ನು ತಿರುವಿ ಹಾಕಿದೆ. ನಿನ್ನ ಹೆಸರನ್ನು ಬೀದಿಗೆ ಎಳೆದವನಿಗೂ ನಿನಗೂ ಮನಸ್ತಾಪವಿಲ್ಲ! ಮನೆಗೆ ಬಂದರೆ ನಿನ್ನ ಕಾರ್ಡು ಬಂದಿತ್ತು.

ಎರಡು ಚೀಲ ಎಂದು ಬರೆದಿದ್ದೀಯ. ನಾನು ಎಷ್ಟು ಚೀಲವೆಂದು ಬರೆದಿರಲಿಲ್ಲ. ನೀಲಿ ಕಲೆ ಎಂದು ಬರೆದಿದ್ದೀಯ. ನನಗೆ ಆ ಕಲೆಯ ವಿಷಯವೇ ಗೊತ್ತಿರಲಿಲ್ಲ. ನಿನ್ನೆ ಸೆಸ್ತೀಲಿಯೊನನ್ನು ಕೇಳಿದೆ. "ಹೌದು, ಎರಡು. ಮೈಲುತುತ್ತದ ಕಲೆ ಇತ್ತು" ಎಂದ. ಗಾಡಿ ಹತ್ತಿ ಹೊರಟುಬಿಟ್ಟ.

ಕೇಳುವುದು ಒಂದೇ. ಆ ಚೀಲಗಳನ್ನು ಬಿಚ್ಚಿದವರು ಯಾರು?

ಎರ್ಸೀಲಿಯಾ


ಸೆರೇಂಗ್, 16 ಮೇ 1976

ತಂಗಿ,

ನಾನು ಬಿಚ್ಚಿದೆ.

ಹತ್ತು ದಿನ ಕೆಡವಿದ್ದ ಹುಳು ಹಂಡೆಯ ಅರ್ಧಕ್ಕೆ ಮಾತ್ರ ಇತ್ತು. ಬೆಳಗ್ಗೆ ಹತ್ತಕ್ಕೆ ಎವಾರಿಸ್ತೊ ಬಂದು, ರೋಮಿನಿಂದ ಎರಡು ಬಸ್ಸು ಹೆಚ್ಚಿಗೆ ಬರುತ್ತಿದೆ ಎಂದ. ಚೀಲ ನೋಡಿ, "ಇದು ಆಗಲ್ಲ" ಎಂದೆ. "ವಿನೆಗರ್ ಜಾಸ್ತಿ ಹಾಕು, ಮೆಣಸಿನಕಾಯಿ ಜಾಸ್ತಿ ಹಾಕು. ಮೊದಲನೇ ವರ್ಷಾನೇ ಜನರನ್ನ ಹಸಿದುಕೊಂಡು ಕಳಿಸ್ತೀಯಾ, ಯಜಮಾನ?" ಎಂದ. ಹಂಡೆಯ ಮುಂದೆ ನಿಂತವನನ್ನು ಯಜಮಾನ ಅನ್ನುತ್ತಾರಲ್ಲ. ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ಬಿಚ್ಚಿದೆ. ಮೂರು ನೀರಿನಲ್ಲಿ ತೊಳೆದೆ. ನೀರು ನೀಲಿಯಾಗಿಯೇ ಹೋಗುತ್ತಿತ್ತು, ಕಂಡೆ.

ಮಾರನೆಯ ದಿನ ಅವನು ನಮ್ಮ ಹಿತ್ತಲಿಗೆ ಬಂದಿದ್ದ. ಇಬ್ಬರೂ ಸಿಕ್ಕಿಬಿದ್ದರೆ ಹಬ್ಬವೇ ನಿಂತುಹೋಗುತ್ತದೆ, ಒಬ್ಬನ ಮೇಲೆ ಹೋದರೆ ಹಬ್ಬ ಉಳಿಯುತ್ತದೆ ಎಂದ. ಒಪ್ಪಿದೆ. ಇಲ್ಲಿಯ ಕಾರ್ಖಾನೆಯಲ್ಲಿ ಅವನ ಸೋದರಸಂಬಂಧಿ ಮೇಸ್ತ್ರಿಯಾಗಿದ್ದ. ಕೆಲಸದ ಕಾಗದ ಒಂದೇ ತಿಂಗಳಲ್ಲಿ ಬಂತು. ಜನ ಒಂದು ವರ್ಷ ಬೈಯುತ್ತಾರೆ, ಆಮೇಲೆ ಬಿಡುತ್ತಾರೆ ಎಂದುಕೊಂಡೆ. ನಿನ್ನನ್ನೂ ಅಮ್ಮನನ್ನೂ ಬೈಯುತ್ತಾರೆಂದು ಯೋಚಿಸಲಿಲ್ಲ. ಯೋಚಿಸಬೇಕಿತ್ತು.

ಅಮ್ಮ ರೈಲು ನಿಲ್ದಾಣದಲ್ಲಿ ಕೇಳಿದಳು. "ಹತ್ತು ದಿನ ಕೆಡವಿದ್ದೆಯಾ ಮಗಾ?" "ಹತ್ತು ದಿನವೂ ಕೆಡವಿದ್ದೆನಮ್ಮಾ" ಎಂದೆ. ಸಾಯುವ ತನಕ ಅವಳು ಬೀದಿಯಲ್ಲಿ ಸಿಕ್ಕವರಿಗೆಲ್ಲ ಅದನ್ನೇ ಹೇಳುತ್ತಿದ್ದಳು ಎಂದು ನೀನೇ ಬರೆದಿದ್ದೆ. ಆ ಕಾಗದ ನನ್ನ ಹತ್ತಿರ ಇದೆ.

ಈಗ ನಿನಗೆ ಎಲ್ಲ ಗೊತ್ತಾಗಿದೆ. ಆದ್ದರಿಂದ ಮೇಜು ಬಿಟ್ಟುಬಿಡುತ್ತೀಯ ಎಂದುಕೊಂಡಿದ್ದೇನೆ. ಚೀಲದ ಮಾತು ಎತ್ತಿದರೆ ಅವನ ಜೊತೆ ನಾನೂ ಮುಳುಗುತ್ತೇನೆ. ನಿನಗೆ ಇರುವವನು ನಾನೊಬ್ಬನೇ. ಹೊಟ್ಟೆಗೆ ಹಾಕಿಕೊ. ಜುಲೈನಲ್ಲಿ ಬರುತ್ತೇನೆ, ಮಾತಾಡೋಣ.

ದುವೀಲಿಯೊ


ತೊರ್ರೆವೀನಾ, 7 ಜೂನ್ 1976

ದುವೀಲಿಯೊ,

ಮೊದಲ ಮೇಜಿಗೆ ಮೂರನೆಯ ಕುರ್ಚಿ ಹಾಕಿಸಿದ್ದೇನೆ. ದೋನ್ ಪ್ಲಾಚಿದೊ ಭಾನುವಾರದ ಪೂಜೆಯ ಕೊನೆಯಲ್ಲಿ ಅದನ್ನು ಓದಿ ಹೇಳಿದರು. ಊರಿನ ನಾಲ್ಕು ಗೋಡೆಗಳ ಮೇಲೆ ಹೊಸ ಭಿತ್ತಿಪತ್ರ ಅಂಟಿದೆ. ಎವಾರಿಸ್ತೊ ಚೆಕ್ಕೋನಿ, ದುವೀಲಿಯೊ ಪನ್ಫೀಲಿ, ಎರ್ಸೀಲಿಯಾ ಪನ್ಫೀಲಿ, ಇದೇ ಕ್ರಮ. ನಿನ್ನನ್ನು ಕರೆಯುತ್ತಿರುವವಳು ನಾನು.

ನಿನ್ನ ಕಾಗದ ಬಂದ ಮೇಲೆ ಎರಡು ವಾರ ಬರೆಯಲಿಲ್ಲ. ಆ ಎರಡು ವಾರದಲ್ಲಿ ಮಾಡಿದ್ದು: ಅಮ್ಮನ ಕೋಣೆಗೆ ಬೀಗ ಹಾಕಿದೆ, ಕೋಳಿಗೂಡಿನ ಹಲಗೆಯನ್ನು ಸೆಸ್ತೀಲಿಯೊನಿಗೆ ಕೊಟ್ಟೆ, ಹುಳುವಿಗೆ ಹದಿನಾಲ್ಕು ಬುಟ್ಟಿ ಹೊಂದಿಸಿದೆ.

ಎವಾರಿಸ್ತೊನಿಗೆ ಬಹಳ ಸಂತೋಷವಾಗಿದೆ. ಬೇಕರಿಯ ಎದುರು ಸಿಕ್ಕ.

"ಅಣ್ಣನ್ನೂ ಕರೆಸ್ತಿದ್ದೀಯಂತೆ. ನಿನ್ನ ಮನಸ್ಸು ಇಷ್ಟು ದೊಡ್ಡದು ಅಂತ ಗೊತ್ತಿರ್ಲಿಲ್ಲ."

"ನನಗೂ ಗೊತ್ತಿರ್ಲಿಲ್ಲ. ಅದ್ರೊಳಗೆ ನೀವಿಬ್ರೂ ಹಿಡಿಸ್ತಾ ಇದ್ದೀರಿ."

ಆರ್ಜಿಯಾ ಒಳಗಿನಿಂದ ಕೇಳಿಸಿಕೊಂಡು ನನ್ನ ಮುಖವನ್ನೇ ನೋಡಿದಳು. ಅವಳು ದಡ್ಡಿಯಲ್ಲ. "ಲಂಗ ಹೊಲಿಸಿದ್ಯಾ?" ಎಂದು ಮೆಲ್ಲಗೆ ಕೇಳಿದಳು. ಹೊಲಿಸಿದ್ದೇನೆ ಎಂದೆ. ರೊಟ್ಟಿಯನ್ನು ಕಾಗದದಲ್ಲಿ ಸುತ್ತಿ ಕೊಟ್ಟಳು. ಏಳು ವರ್ಷದಿಂದ ಸುತ್ತದೆ ಕೊಡುತ್ತಿದ್ದಳು.

ನಿಯಮದಲ್ಲಿ ಇನ್ನೊಂದು ಸಂಗತಿಯಿದೆ, ನಾನು ನಿನಗೆ ಬರೆದಿರಲಿಲ್ಲ. ಜಗಳ ಯಾತರದೆಂದು ಹೇಳಿ, ನುಂಗದೆ ಎದ್ದುಹೋದರೆ ಏನಾಗುತ್ತದೆ ಎಂದು ದೋನ್ ಪ್ಲಾಚಿದೊ ಅವರನ್ನು ಕೇಳಿದ್ದೆ. ಅವರಿಗೆ ಗೊತ್ತಿರಲಿಲ್ಲ. ಊರಿನಲ್ಲಿ ಅತಿ ಹಳಬಳಾದ ಜೀತಾ ಅಜ್ಜಿಗೆ ಗೊತ್ತಿತ್ತು. ಅವಳ ಚಿಕ್ಕಮ್ಮ ಒಬ್ಬ ಗಿರಣಿಯವನ ಎದುರು ಹಾಗೆ ಎದ್ದಿದ್ದಳಂತೆ. "ಜಗಳ ಮೇಜಿನ ಮೇಲೇ ಉಳೀತು, ಮಗಳೇ. ತಟ್ಟೆ ತೆಗೆಯೋಕೆ ಯಾರೂ ಹೋಗ್ಲಿಲ್ಲ. ಗಿರಣಿಯವನು ಆ ಚಳಿಗಾಲದಲ್ಲೇ ಊರು ಬಿಟ್ಟ" ಎಂದಳು.

ಎವಾರಿಸ್ತೊನ ತಟ್ಟೆಯನ್ನು ನಾನು ಮುಟ್ಟುವುದಿಲ್ಲ. ಎಲ್ಲ ಹೇಳಿ, ಫೋರ್ಕು ಕೆಳಗಿಟ್ಟು, ಅವನ ಕಡೆಗೆ ತಟ್ಟೆ ತಳ್ಳುತ್ತೇನೆ. ನವೆಂಬರಿನ ತನಕವೂ, ಆಮೇಲೂ, ಯಾರು ಬೇಕಾದರೂ ಮೂವತ್ತೊಂದು ಹೆಸರು ಎತ್ತಬಹುದು. ಎಲ್ಲರಿಗಿಂತ ಮೊದಲು ನಾನು ಎತ್ತುತ್ತೇನೆ.

ನಿನ್ನ ತಟ್ಟೆ ಬೇರೆ. ನೀನು ಕರೆಸಿಕೊಂಡವನು, ಆದ್ದರಿಂದ ಆ ತಟ್ಟೆಗೆ ಮೊದಲು ಮಾತಾಡುವವನು ನೀನು. ನನಗೆ ಬರೆದದ್ದನ್ನೇ ಹೇಳಬೇಕು. ನೀಲಿ ನೀರು ಹೇಳಬೇಕು. ಯಜಮಾನ ಎಂದು ಕರೆಸಿಕೊಂಡದ್ದು ಹೇಳಬೇಕು. ಅಮ್ಮ ನಿಲ್ದಾಣದಲ್ಲಿ ಕೇಳಿದ ಮಾತು, ನೀನು ಕೊಟ್ಟ ಉತ್ತರ, ಎರಡೂ ಹೇಳಬೇಕು. ಹೇಳಿದರೆ ನುಂಗುತ್ತೇನೆ, ಕೊಂಬು ಸಮೇತ. ಆ ದಿನದಿಂದ ನಿನ್ನ ಬಗ್ಗೆ ನನ್ನ ಬಾಯಿಂದ ಒಂದು ಮಾತೂ ಬರುವುದಿಲ್ಲ, ಅಮ್ಮನ ಕೋಣೆಯ ಬೀಗ ತೆಗೆಯುತ್ತೇನೆ. "ಹಳೇ ಮಾತು" ಎಂದರೆ ಎರಡನೆಯ ತಟ್ಟೆಯನ್ನೂ ತಳ್ಳುತ್ತೇನೆ. ಬಾರದಿದ್ದರೆ ನಿನ್ನ ಕಾಗದವನ್ನು ಖಾಲಿ ಕುರ್ಚಿಯ ಮುಂದೆ ಓದುತ್ತೇನೆ. ದರ್ಜಿಯ ಕಥೆಯ ಪಕ್ಕದಲ್ಲಿ ನಿನ್ನದೂ ಉಳಿಯುತ್ತದೆ.

ಈ ವರ್ಷ ಯಾರ ಹೊಟ್ಟೆಯೂ ನೋಯುವುದಿಲ್ಲ. ಅದಕ್ಕೆ ನಾನು ಜವಾಬ್ದಾರಿ. ನೋಯಬೇಕಾದವರಿಗೆ ಬೇರೆ ಕಡೆ ನೋಯಲಿ.

ಹುಳು ಹನ್ನೆರಡನೆಯ ತಾರೀಖು ಬುಟ್ಟಿಗೆ ಬೀಳುತ್ತದೆ. ಇಪ್ಪತ್ತೆರಡರ ಸಂಜೆ ಹತ್ತು ದಿನ ತುಂಬುತ್ತದೆ. ನಿನ್ನ ರೈಲು ಇಪ್ಪತ್ಮೂರು, ಬುಧವಾರ, ಮಧ್ಯಾಹ್ನ ಎರಡು ನಲವತ್ತಕ್ಕೆ ಕೆಳಗಿನ ನಿಲ್ದಾಣಕ್ಕೆ ಬರುತ್ತದೆ. ಸೆಸ್ತೀಲಿಯೊ ಅದೇ ಗಾಡಿ ತರುತ್ತಾನೆ. ಮೇಜು ಸಂಜೆ ಆರಕ್ಕೆ.

ಎರ್ಸೀಲಿಯಾ